ತಾಮ್ರದ ಕೊಡದಲ್ಲಿಟ್ಟ ನೀರು

ಗೋಕಾಕದ ಆ ಹೆಣ್ಣುಮಗಳನ್ನು ಗುರುವಾರ ನಮ್ಮ ಆಸ್ಪತ್ರೆಗೆ ಸೇರಿಸಿದರು. ಗರ್ಭಕೋಶದಲ್ಲಿ ಗಡ್ಡೆ. ಆರು ತಿಂಗಳಿಂದ ರಕ್ತ ಹೋಗಿ ಹೋಗಿ ಅವಳ ತುಟಿ, ಉಗುರು, ಕಣ್ಣಿನ ಒಳರೆಪ್ಪೆ ಎಲ್ಲವೂ ಸುಣ್ಣ ಬಳಿದ ಗೋಡೆಯಂತಾಗಿದ್ದವು. ಗಂಡ ಖಡಕಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವಳಿಗೆ ಮರಾಠಿ ಒಂದಕ್ಷರ ಬಾರದು. ವಾರ್ಡಿನ ನರ್ಸುಗಳಿಗೆ ಕನ್ನಡ ಬಾರದು. ಹಾಗಾಗಿ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ ತೊಳೆಯುತ್ತಿದ್ದ ನನ್ನನ್ನು ದಿನಕ್ಕೆ ನಾಲ್ಕು ಸಲ ಅವಳ ಮಂಚದ ಹತ್ತಿರ ಕರೆಯುತ್ತಿದ್ದರು.

ಅವಳ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿಯನ್ನು ಒತ್ತುಕಾಗದಕ್ಕೆ ಇಳಿಸಿದೆ. ಪಕ್ಕದಲ್ಲಿ ಕಡುಗೆಂಪಿನಿಂದ ತೆಳುಗೆಂಪಿನವರೆಗೆ ಬಣ್ಣಗಳನ್ನು ಅಚ್ಚು ಹಾಕಿದ ಪಟ್ಟಿ. ಹನಿಯ ಬಣ್ಣ ಯಾವುದಕ್ಕೆ ಹೊಂದುತ್ತದೋ ಅಷ್ಟು ರಕ್ತಬಲ ಎಂದು ಲೆಕ್ಕ. ಅವಳ ಹನಿ ಕೆಳಗಿನಿಂದ ಎರಡನೆಯ ಬಣ್ಣಕ್ಕೆ ಹೊಂದಿತು. ನಾನು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದೆ, ಬಣ್ಣ ಬದಲಾಗಲಿಲ್ಲ.

"ಅಕ್ಕಾರ, ಗಡ್ಡಿ ತಗದ್ರ ನಾ ಉಳೀತೇನ್ರಿ?" ಎಂದು ಕೇಳಿದಳು.

"ಉಳೀದೇನ ಮಾಡ್ತಿ? ಮೊದಲ ರಕ್ತ ಹಾಕ್ತೇವಿ, ಆಮ್ಯಾಲೆ ತಗೀತಾರ. ಸುಮ್ನ ಮಲಕೋ" ಎಂದೆ. ಚಾಕು ಹಿಡಿಯುವವಳು ನಾನೇ ಎಂಬಂತೆ ಹೇಳಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ, ಧಿಮಾಕಿಗೇನೂ ಕಡಿಮೆ ಇರಲಿಲ್ಲ.

ನಮ್ಮ ಡಾಕ್ಟರು ಬೆಳಗಾವಿ ಕಡೆಯವರು. ಸಿಟ್ಟು ಬಂದಾಗ ಮರಾಠಿ, ಇಳಿದಾಗ ಕನ್ನಡ. ಅವರು ಕನ್ನಡದಲ್ಲಿಯೇ ಹೇಳಿದರು: "ತಂಗೀ, ಆಕೀಗೆ ಎರಡು ಬಾಟ್ಲಿ ರಕ್ತ ಹಾಕದs ನಾ ಕತ್ತರಿ ಮುಟ್ಟಂಗಿಲ್ಲ. ಟೇಬಲ್ ಮ್ಯಾಲೇ ಹೋಗಿಬಿಡ್ತಾಳ. ನಮ್ಮ ಕಡೆ ಎಷ್ಟವ?"

"ಒಂದೂ ಇಲ್ರಿ. ಗಂಡಂದು ರಕ್ತದ ಗುಂಪು ಬ್ಯಾರೆ, ಕೂಡಂಗಿಲ್ಲ."

ನಮ್ಮಲ್ಲಿ ಸೀಮೆಎಣ್ಣೆಯಿಂದ ನಡೆಯುವ ಒಂದು ರೆಫ್ರಿಜರೇಟರ್ ಇತ್ತು, ಅದರಲ್ಲಿ ಇಡಲು ರಕ್ತವಿರಲಿಲ್ಲ. ಯಾರಿಗಾದರೂ ಬೇಕಾದಾಗ ಸಂಬಂಧಿಕರನ್ನು ಹಿಡಿದು ತರುವುದು, ಅವರಲ್ಲಿ ಅರ್ಧ ಜನ ಗೇಟಿನಲ್ಲೇ ಮಾಯವಾಗುವುದು, ಇದೇ ನಡೆದಿತ್ತು. ನಾನು ಆವತ್ತು ಡಾಕ್ಟರಿಗೆ ಹೇಳಿದೆ: ಭಾನುವಾರ ಸದಾಶಿವ ಪೇಠದಲ್ಲಿ ಹಲವು ಬಿಡಾರಗಳಿರುವ ನಮ್ಮ ವಾಡೆಯ ಚೌಕದಲ್ಲಿಯೇ ರಕ್ತ ತೆಗೆದುಕೊಳ್ಳೋಣ, ಜನರನ್ನು ಕರೆಯುವುದು ನನ್ನ ಜವಾಬ್ದಾರಿ. ಅವರು ಕನ್ನಡಕದ ಮೇಲಿಂದ ನೋಡಿ, "ನೀರು ತಯಾರ ಮಾಡ್ಕೋ ಹಂಗಾದ್ರ" ಎಂದರು.

ನೀರು ಎಂದರೆ ಬಟ್ಟಿ ಇಳಿಸಿದ ನೀರು. ರಕ್ತ ಹೊರಗೆ ಬಂದ ಕೂಡಲೇ ಹೆಪ್ಪುಗಟ್ಟುತ್ತದೆ; ಹೆಪ್ಪುಗಟ್ಟದಂತೆ ಬಾಟಲಿಯೊಳಗೆ ಮೊದಲೇ ಸೈಟ್ರೇಟ್ ಎಂಬ ಉಪ್ಪು, ಗ್ಲೂಕೋಸು ಬೆರೆಸಿದ ದ್ರಾವಣ ಇರಬೇಕು. ಅದನ್ನು ಈ ನೀರಿನಲ್ಲಿ ಮಾಡಿ, ಬಾಟಲಿಗೆ ತುಂಬಿ, ಒತ್ತಡದ ಆವಿಯ ಪಾತ್ರೆಯಲ್ಲಿ ಬೇಯಿಸಬೇಕು. ಯುದ್ಧಕ್ಕೆ ಮುಂಚೆ ಸಿದ್ಧ ದ್ರಾವಣ ಹಡಗಿನಲ್ಲಿ ಬರುತ್ತಿತ್ತಂತೆ. ಈಗ ಎಲ್ಲವೂ ಕೈಯಲ್ಲೇ. ಗೋಡೆಗೆ ಡಾಕ್ಟರೇ ಬರೆದು ಅಂಟಿಸಿದ ಕಾಗದ: ಇಳಿಸಿದ ನೀರನ್ನು ಅದೇ ದಿನ ಬಳಸಬೇಕು.

ಇಷ್ಟು ದಿನ ಒಂದೆರಡು ಬಾಟಲಿಯ ಕೆಲಸ, ಅದೇ ದಿನ ಮುಗಿಯುತ್ತಿತ್ತು. ಈಗ ಹನ್ನೆರಡು ಬಾಟಲಿ ಮಾಡಬೇಕು, ರಬ್ಬರ್ ಕೊಳವೆಗಳನ್ನೆಲ್ಲ ಅದೇ ನೀರಿನಲ್ಲಿ ಜಾಲಿಸಬೇಕು. ಸ್ಟೋವಿಗೆ ಸಿಗುತ್ತಿದ್ದ ಸೀಮೆಎಣ್ಣೆ ದಿನಕ್ಕೆ ಮೂರು ತಾಸಿಗೆ ಸಾಕು. ಹನಿ ಹನಿ ತೊಟ್ಟಿಕ್ಕುವ ನೀರನ್ನು ಎರಡು ದಿನ ಕೂಡಿಟ್ಟರೆ ಮಾತ್ರ ಲೆಕ್ಕ ಸರಿಹೋಗುತ್ತಿತ್ತು. ಕೂಡಿಡಲು ದೊಡ್ಡ ಗಾಜಿನ ಜಾಡಿ ಇಲ್ಲ. ಗುರುವಾರ ಸಂಜೆ ಮನೆಗೆ ಹೋಗಿ ಸೋದರಮಾವನ ಹೆಂಡತಿಗೆ ಹೇಳಿದೆ.

"ಬಟ್ಟಿ ಇಳಸ್ತೀಯೇನವಾ? ಇಷ್ಟು ಕಲತು ಇದೊಂದು ಬಾಕಿ ಇತ್ತ!" ಎಂದು ಅತ್ತೆ ನಕ್ಕರು. ನಕ್ಕರೂ ದೇವರ ಮನೆಯ ನೀರಿಗೆ ಇಡುತ್ತಿದ್ದ ತಾಮ್ರದ ಕೊಡವನ್ನೇ ತೆಗೆದುಕೊಟ್ಟರು. "ತಾಮ್ರದಾಗ ಇಟ್ಟ ನೀರಿಗೆ ಯಾವ ದೋಷಾನೂ ತಟ್ಟಂಗಿಲ್ಲ ನೋಡು. ನಾಲ್ಕು ದಿನ ಇಟ್ಟರೂ ಗಂಗಾನs."

ನಾನೂ ಹಾಗೆಯೇ ನಂಬಿ ಬೆಳೆದವಳು. ಹುಣಸೆಹಣ್ಣು, ಬೂದಿ ಹಚ್ಚಿ ಕೊಡವನ್ನು ಫಳಫಳ ಹೊಳೆಯುವಂತೆ ತಿಕ್ಕಿದೆ. ಕುದಿನೀರು ಹಾಕಿ ಮೂರು ಸಲ ತೊಳೆದು ಪ್ರಯೋಗಾಲಯಕ್ಕೆ ಒಯ್ದೆ. ಶುಕ್ರವಾರ, ಶನಿವಾರ ಇಳಿಸಿದ ನೀರನ್ನು ಅದರಲ್ಲಿ ತುಂಬಿ, ಬಾಯಿಗೆ ಒಗೆದು ಒಣಗಿಸಿದ ಮಡಿಬಟ್ಟೆ ಕಟ್ಟಿದೆ. ಯಾರಿಗೂ ಮುಟ್ಟಲು ಬಿಡಲಿಲ್ಲ. ಕಸ ಗುಡಿಸುವ ಹೆಂಗಸು ಹತ್ತಿರ ಬಂದರೂ ಕಣ್ಣು ಕೆಂಪಗೆ ಮಾಡುತ್ತಿದ್ದೆ. ಗೋಡೆಯ ಮೇಲಿನ ಕಾಗದವನ್ನು ನೋಡಲಿಲ್ಲವೆಂದಲ್ಲ. ಧೂಳು ಬೀಳಬಾರದೆಂದು ಹಾಗೆ ಬರೆದಿದ್ದಾರೆ, ನನ್ನ ಕೊಡಕ್ಕೆ ಧೂಳು ಬೀಳುವುದುಂಟೇ ಎಂದುಕೊಂಡೆ. ಹೇಗಿದ್ದರೂ ಕೊನೆಗೆ ಆವಿಯಲ್ಲಿ ಬೇಯುತ್ತದಲ್ಲ! ಶನಿವಾರ ಸಂಜೆ ದ್ರಾವಣ ಮಾಡಿ ಬೇಯಿಸಿದೆ. ಏಪ್ರಿಲ್ಲಿನ ಬಿಸಿಲು, ಕೋಣೆ ಒಲೆಯ ಹಾಗೆ ಕಾದಿತ್ತು.

ಭಾನುವಾರ ಬೆಳಿಗ್ಗೆ ವಾಡೆಯ ಚೌಕದಲ್ಲಿ ಬೆಂಚು ಹಾಕಿಸಿದೆವು. ಮೊದಲ ಒಂದು ತಾಸು ಎಲ್ಲರೂ ಕಂಬದ ಹಿಂದೆ ನಿಂತು ನೋಡುವವರೇ. ಆಗ ಬಂದರು ವಾಡೆಯ ಎದುರಿನ ಹೋಟೆಲಿನ ರಾಯರು. ಉಡುಪಿ ಕಡೆಯಿಂದ ಬಂದು ಇಲ್ಲಿ ಇಡ್ಲಿ, ಸಾಂಬಾರಿನಲ್ಲಿ ಊರನ್ನೇ ಗೆದ್ದ ಮನುಷ್ಯ. ಹಿಂದೆ ಐವರು ಅಡುಗೆಯವರು, ಸಪ್ಲಾಯರುಗಳು.

"ಎಂತ ನೋಡ್ತಾ ನಿಂತದ್ದು ಎಲ್ಲರೂ? ನನ್ನದು ಮೊದಲು ತೆಗೀರಿ. ಸೂಜಿ ಮಾತ್ರ ಚೂಪು ಉಂಟಲ್ಲ?" ಎಂದು ಅಂಗಿಯ ತೋಳು ಮಡಿಸಿ ಮಲಗಿಯೇ ಬಿಟ್ಟರು.

ಸೂಜಿ ಚೂಪಾಗಿಯೇ ಇತ್ತು, ಕಲ್ಲಿನ ಮೇಲೆ ಮಸೆದವಳು ನಾನೇ. ರಕ್ತ ಬಾಟಲಿಗೆ ಇಳಿಯತೊಡಗಿದಾಗ ನಾನು ಅದನ್ನು ಮೆಲ್ಲಗೆ ತಿರುಗಿಸುತ್ತ ದ್ರಾವಣದೊಂದಿಗೆ ಬೆರೆಸುತ್ತಿದ್ದೆ. ಗಾಜು ಬೆಚ್ಚಗಾಗುತ್ತ ಬಂತು. ಎಷ್ಟೋ ಸಲ ಮಾಡಿದ ಕೆಲಸ, ಆದರೂ ಆ ಬಿಸಿ ಕೈಗೆ ಹತ್ತಿದಾಗ ನನಗೆ ಮೈ ಜುಮ್ಮೆನ್ನುತ್ತಿತ್ತು. ಇನ್ನೊಬ್ಬರ ಮೈಯ ಬಿಸಿ ನನ್ನ ಕೈಯಲ್ಲಿದೆ! ಯಾರಿಗೆ ಹೋಗುತ್ತದೆಂದು ಕೊಟ್ಟವರಿಗೆ ಗೊತ್ತಿಲ್ಲ, ಯಾರಿಂದ ಬಂತೆಂದು ಪಡೆಯುವವರಿಗೆ ಗೊತ್ತಾಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಬಾಟಲಿ ತುಂಬಿದವು. ನಾಲ್ಕು ಓ ಗುಂಪಿನವು, ಗೋಕಾಕದವಳಿಗೂ ಅದೇ ಬೇಕಿತ್ತು.

ಅವಳಿಗೆ ಸೋಮವಾರ ಹಾಕುವುದೆಂದಿತ್ತು, ಅಷ್ಟರಲ್ಲಿ ಎತ್ತಿನ ಗಾಡಿಯ ಗಾಲಿ ಹಾಯ್ದು ತೊಡೆ ಒಡೆದ ಒಬ್ಬ ಮನುಷ್ಯ ಬಂದ. ಮೊದಲ ಬಾಟಲಿ ಅವನಿಗೆ ಹೋಯಿತು. ಮುಕ್ಕಾಲು ತಾಸಿಗೆ ಅವನಿಗೆ ಚಳಿ ಶುರುವಾಯಿತು. ಅದೆಂಥ ಚಳಿ! ಹೊರಗೆ ಕಲ್ಲು ಸುಡುವ ಬಿಸಿಲು, ಒಳಗೆ ಅವನ ಹಲ್ಲು ಕಟಕಟ, ಮಂಚದ ಕಾಲು ಗಡಗಡ. ನಾಲ್ಕು ಜನ ಹಿಡಿದುಕೊಂಡೆವು. ಜ್ವರ ನೂರಾ ನಾಲ್ಕಕ್ಕೆ ಏರಿತು. ಸಂಜೆಗೆ ಇಳಿಯಿತು, ಗಟ್ಟಿ ಜೀವ, ಪಾರಾದ.

ಗುಂಪು ತಪ್ಪಿತೇ? ಬಿಳಿ ಹಂಚಿನ ಮೇಲೆ ಮತ್ತೆ ಹನಿ ಹಾಕಿ, ಗುಂಪು ತಿಳಿಸುವ ಎರಡೂ ಸೀರಮ್ಮುಗಳಿಂದ ಎಂಟೂ ಬಾಟಲಿಗಳನ್ನು ಪರೀಕ್ಷಿಸಿದೆ. ಒಂದೂ ತಪ್ಪಿರಲಿಲ್ಲ. ಅವನ ಮೂತ್ರವೂ ತಿಳಿಯಾಗಿತ್ತು. ಗುಂಪು ತಪ್ಪಿದ್ದರೆ ಅದು ಕಪ್ಪಾಗಿರುತ್ತಿತ್ತು. ಮಂಗಳವಾರ ಬೆಳಿಗ್ಗೆ ಹೆರಿಗೆಯಲ್ಲಿ ಬಹಳ ರಕ್ತ ಹೋದ ಒಬ್ಬಳಿಗೆ ತುರ್ತಾಗಿ ಎರಡನೆಯ ಬಾಟಲಿ ಹಾಕಿದರು. ಅವಳಿಗೂ ಅದೇ ಚಳಿ, ಅದೇ ಜ್ವರ. ಗೋಕಾಕದವಳ ಮಂಚದ ಪಕ್ಕದಲ್ಲಿ ಮೂರನೆಯ ಬಾಟಲಿಯನ್ನು ಕಂಬಕ್ಕೆ ತೂಗುಹಾಕಿಯಾಗಿತ್ತು. ಡಾಕ್ಟರು ಓಡಿಬಂದು ತಾವೇ ಇಳಿಸಿದರು.

"ಅವರಿಬ್ಬರದೂ ಗಟ್ಟಿ ಎದಿ, ತಡಕೊಂಡ್ರು. ಈಕೀಗೆ ಹಂಗ ಒಂದು ಚಳಿ ಬಂದ್ರ ಎದಿ ನಿಂತs ಹೋಗ್ತದ" ಎಂದರು ನನ್ನ ಕಡೆ ತಿರುಗಿ. ಅವಳು ಕೇಳಿಸಿಕೊಂಡಳು. ಸೆರಗಿನ ತುದಿ ಹಿಡಿದು ಹೊಸೆಯತೊಡಗಿದಳು. ಆವತ್ತು ಅವಳ ಹನಿ ಪಟ್ಟಿಯ ಕೊನೆಯ ಬಣ್ಣಕ್ಕೆ ಬಂದಿತ್ತು.

ಬುಧವಾರ ಬೆಳಿಗ್ಗೆ ಡಾಕ್ಟರು ಪ್ರಯೋಗಾಲಯಕ್ಕೆ ಬಂದು ಸ್ಟೂಲು ಎಳೆದುಕೊಂಡು ಕುಳಿತರು. "ಮೊದಲಿನಿಂದ ಮಾಡಿ ತೋರಿಸು. ಹ್ಯಾಂಗ ಮಾಡಿದ್ಯೋ ಹಂಗs." ಮಾಡುತ್ತ ಹೋದೆ. ಸೂಜಿ ಕುದಿಸಿದ್ದು, ಕೊಳವೆ ತೊಳೆದದ್ದು, ಉಪ್ಪು ತೂಗಿದ್ದು. ಅವರು ತಲೆ ಆಡಿಸುತ್ತಿದ್ದರು. ಬಟ್ಟಿಯ ಮೂತಿಯ ಕೆಳಗೆ ಕೊಡ ಇಟ್ಟೆ. ಅವರ ತಲೆಯಾಟ ನಿಂತಿತು.

"ಇದ್ಯಾವ ಕೊಡ?"

"ನಮ್ಮ ಮನೀದರೀ. ತಾಮ್ರದ್ದು. ಎಷ್ಟು ಸ್ವಚ್ಛ ಅದ ನೋಡ್ರಿ, ಮಡೀಲೆ ತುಂಬೀನಿ."

"ಎಷ್ಟು ಹೊತ್ತು ಇಟ್ಟಿದ್ದಿ?"

"ಎರಡು ದಿನಾರೀ."

ಅವರು ಮರಾಠಿಗೆ ತಿರುಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಮೆಲ್ಲಗೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಇಳಿಸಿದ ನೀರಿನಲ್ಲಿ, ಎಷ್ಟೇ ಮುಚ್ಚಿಟ್ಟರೂ, ಗಾಳಿಯಿಂದಲೋ ಪಾತ್ರೆಯಿಂದಲೋ ಬಂದ ಜೀವಿಗಳು ಒಂದು ರಾತ್ರಿಯಲ್ಲಿ ಸಾವಿರಗಟ್ಟಲೆ ಬೆಳೆಯುತ್ತವೆ. ತಾಮ್ರಕ್ಕೆ ಕೆಲವು, ಆವಿಗೆ ಎಲ್ಲವೂ ಸಾಯುತ್ತವೆ. ಆದರೆ ನೀರಿನಲ್ಲಿ ಅವು ಬಿಟ್ಟದ್ದೇನೋ ಇರುತ್ತದಲ್ಲ, ಅದು ಸಾಯುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಸೂಕ್ಷ್ಮದರ್ಶಕದಲ್ಲೂ ಕಾಣುವುದಿಲ್ಲ. ರಕ್ತದಲ್ಲಿ ಸೇರಿದ ಮುಕ್ಕಾಲು ತಾಸಿಗೆ ಚಳಿಯಾಗಿ ಏಳುತ್ತದೆ.

ನಾನು ಕೊಡದೊಳಗೆ ಬಗ್ಗಿ ನೋಡಿದೆ. ತಳ ಕನ್ನಡಿಯಂತೆ ಕಾಣುತ್ತಿತ್ತು. ಇಷ್ಟು ತಿಳಿಯಾದ ನೀರು, ನಾನು ಯಾರ ನೆರಳೂ ಬೀಳದಂತೆ ಕಾಯ್ದ ನೀರು, ಇಬ್ಬರನ್ನು ಮಂಚದ ಮೇಲೆ ಕುಣಿಸಿತ್ತೇ! ನಾಚಿಕೆಯಿಂದ ಮುಖ ಸುಟ್ಟಿತು. ಅದಕ್ಕಿಂತ ದೊಡ್ಡದಾಗಿ ಇನ್ನೊಂದು ಭಾವ ಬಂತು, ಅದನ್ನು ಬೆರಗು ಎಂದೇ ಹೇಳಬೇಕು. ನನ್ನ ಕಣ್ಣಿನ ಮುಂದೆಯೇ, ನನ್ನ ಮಡಿಬಟ್ಟೆಯ ಕೆಳಗೆ, ನನಗೆ ಒಂದಿಷ್ಟೂ ಸುಳಿವು ಕೊಡದೆ ಒಂದು ಪ್ರಪಂಚವೇ ಹುಟ್ಟಿ, ಬಾಳಿ, ಸತ್ತಿತ್ತು.

"ಉಳಿದ ಏಳು ಬಾಟ್ಲಿ?" ಎಂದು ಕೇಳಿದೆ, ಉತ್ತರ ಗೊತ್ತಿದ್ದರೂ.

"ನೀ ಹೇಳು. ಗಟ್ಟಿ ಮಂದಿಗೆ ಹಾಕಿ ಪಾರು ಮಾಡಬಹುದು. ಇಲ್ಲಾ, ಚೆಲ್ಲಬಹುದು."

ಏಳು ಜನ ಆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದು ನೆನಪಾಯಿತು. ಬಾಟಲಿಯ ಮೇಲೆ ನಂಬರು ಮಾತ್ರ ಇತ್ತು, ಆದರೆ ಯಾವುದು ಯಾರದೆಂದು ನನಗೆ ಕಂಠಪಾಠ. "ಚೆಲ್ಲೂಣ್ರಿ" ಎಂದೆ. ಮೋರಿಯ ಹತ್ತಿರ ಕುಳಿತು ಒಂದೊಂದನ್ನೇ ಬಗ್ಗಿಸಿದೆ. ಮೂರನೆಯದು ಹೋಟೆಲಿನ ರಾಯರದು. ಅಳು ಬಂತು, ಅತ್ತುಬಿಟ್ಟೆ. ಡಾಕ್ಟರು ಏಳನೆಯದು ಮುಗಿಯುವವರೆಗೆ ಬಾಗಿಲಲ್ಲಿ ನಿಂತಿದ್ದರು.

"ಶುಕ್ರವಾರ ಮುಂಜಾನಿ ತನಕ ನೋಡ್ತೀನಿ, ಅದಕ್ಕಿಂತ ತಡ ಮಾಡಾಕ ಬರಂಗಿಲ್ಲ. ಎರಡು ಬಾಟ್ಲಿ ಓ ತಗೊಂಬಾ. ಚೆಲ್ಲಿದ್ದು ಯಾರಿಗೂ ಹೇಳಬ್ಯಾಡ, ಮತ್ತ ಯಾರೂ ತೋಳು ಕೊಡಂಗಿಲ್ಲ" ಎಂದರು.

ಮಧ್ಯಾಹ್ನ ಮೂರಕ್ಕೆ ಹೋಟೆಲಿಗೆ ಹೋದೆ. ದಾರಿಯುದ್ದಕ್ಕೂ ಒಂದು ಸುಳ್ಳನ್ನು ಹೊಂದಿಸಿಕೊಂಡಿದ್ದೆ. ರಕ್ತವೆಲ್ಲ ಖರ್ಚಾಯಿತು, ನಿಮ್ಮಿಂದ ಒಂಬತ್ತು ಜೀವ ಉಳಿದವು ಎಂದು. ರಾಯರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದರು. ನನ್ನನ್ನು ನೋಡಿ ಮುಖವೆಲ್ಲ ನಗು. "ಬನ್ನಿ ಬನ್ನಿ. ನನ್ನ ರಕ್ತ ಯಾರಿಗೆ ಹೋಯ್ತು? ಗಂಡಸೋ ಹೆಂಗಸೋ, ಅಷ್ಟಾದರೂ ಹೇಳಿ."

ಆ ಮುಖಕ್ಕೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ. "ಯಾರಿಗೂ ಹೋಗಲಿಲ್ರೀ. ನಾನ ಮೋರಿಗೆ ಚೆಲ್ಲಿದೆ" ಎಂದೆ.

"ಎಂತ?"

"ಏಳು ಬಾಟ್ಲಿ ಚೆಲ್ಲಿದೆ. ತಪ್ಪು ನಂದು."

"ಎಂತ ಹೇಳ್ತಾ ಇದ್ದೀರಿ ಮಾರಾಯ್ರೆ ನೀವು!" ರಾಯರು ಎದ್ದು ನಿಂತರು. ಹೋಟೆಲಿನಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು. "ಒಂದು ಲೋಟ ಹಾಲು ಚೆಲ್ಲಿದರೆ ನಾನಿಲ್ಲಿ ದಿನವಿಡೀ ಬೊಬ್ಬೆ ಹಾಕ್ತೇನೆ. ಮನುಷ್ಯನ ರಕ್ತ ಮೋರಿಗೆ! ನಮ್ಮನ್ನೆಲ್ಲ ಎಂತ ಅಂತ ತಿಳ್ಕೊಂಡಿದ್ದೀರಿ?"

ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಹೇಳಿದೆ. ಕೊಡ, ಎರಡು ದಿನದ ನೀರು, ಚಳಿ, ಆವಿಗೆ ಸತ್ತರೂ ಉಳಿಯುವ ಆ ಕಾಣದ ವಸ್ತು. ಹೇಳುತ್ತಿದ್ದಾಗ ನನಗೇ ಅದು ಕಟ್ಟುಕತೆಯಂತೆ ಕೇಳಿಸಿತು. ರಾಯರು ಕುರ್ಚಿಗೆ ಮರಳಿ ಕುಳಿತರು. ಆಮೇಲೆ ಅಡುಗೆಮನೆಯ ಕಡೆ ನೋಡುತ್ತ ಕೇಳಿದರು: "ಅಂದರೆ, ಇಡ್ಲಿ ಹಿಟ್ಟಿನ ಹಾಗೆ?"

"ಏನ್ರೀ?"

"ರಾತ್ರಿ ಹಿಟ್ಟು ಮುಚ್ಚಿ ಇಡ್ತೇವೆ. ಬೆಳಿಗ್ಗೆ ಉಬ್ಬಿರ್ತದೆ. ಯಾರು ಬಂದು ಉಬ್ಬಿಸಿದ್ದು ಅಂತ ಕಾಣ್ತದಾ? ಈ ಸೆಕೆಗೆ ಒಂದು ದಿನ ಜಾಸ್ತಿ ಇಟ್ಟರೆ ಹುಳಿ ಹಿಡೀತದೆ. ಆಮೇಲೆ ಹಬೆಯಲ್ಲಿ ಎಷ್ಟು ಹೊತ್ತು ಬೇಯಿಸಿ ನೋಡಿ. ಹುಳಿ ಹೋಗ್ತದಾ? ಹೋಗುವುದಿಲ್ಲ!"

ಡಾಕ್ಟರು ವಿಲಾಯತಿಯ ಪತ್ರಿಕೆ ಓದಿ ತಿಳಿದದ್ದನ್ನು, ನಾನು ಇಬ್ಬರನ್ನು ನಡುಗಿಸಿ ಕಲಿತದ್ದನ್ನು, ಈ ಮನುಷ್ಯ ದಿನಾ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದ. ನಮ್ಮ ಮನೆಯಲ್ಲೂ ಹಿಟ್ಟು ಉಬ್ಬುತ್ತಿತ್ತು. ನನಗೆ ಹೊಳೆದಿರಲಿಲ್ಲ.

"ಹಾಳಾದ ಹಿಟ್ಟು ಬಡಿಸಿದವ ಹೋಟೆಲು ನಡೆಸಲಿಕ್ಕೆ ಲಾಯಕ್ಕಿಲ್ಲ. ಚೆಲ್ಲಿದ್ದು ಸರಿಯೇ" ಎಂದರು ರಾಯರು. ದನಿಯಲ್ಲಿ ನೋವು ಇನ್ನೂ ಇತ್ತು. "ಈಗ ಎಂತ ಬೇಕು?"

ಭಾನುವಾರ ಬರದೆ ಉಳಿದಿದ್ದ ಮೂವರನ್ನು ಒಳಗಿನಿಂದ ಕರೆದರು. ಅಮೃತಶಿಲೆಯ ಮೇಜನ್ನು ಒರೆಸಿ, ಬಿಳಿ ಹಂಚು ಇಟ್ಟು, ಮೂವರ ಬೆರಳು ಚುಚ್ಚಿದೆ. ಒಬ್ಬರದು ಮಾತ್ರ ಓ. ಹಿಟ್ಟು ರುಬ್ಬುವ ಭಟ್ಟರು, ಐವತ್ತರ ಹತ್ತಿರದ ಮಿತಭಾಷಿ. ಭಾನುವಾರ ಅಕ್ಕಿ ನೆನೆಹಾಕುವ ನೆಪ ಹೇಳಿ ಉಗ್ರಾಣದಲ್ಲಿ ಅಡಗಿದ್ದರಂತೆ. "ಹೆದರಿಕೆ ಆಗ್ತದೆ. ಆದರೂ ಬರ್ತೇನೆ" ಎಂದರು, ಅಷ್ಟೇ.

"ಇನ್ನೊಂದು?" ಎಂದು ನಾನು ಸುತ್ತ ನೋಡಿದೆ.

ರಾಯರು ನನ್ನನ್ನೇ ನೋಡುತ್ತಿದ್ದರು. "ನೀವು ಕೊಟ್ಟದ್ದುಂಟಾ?"

ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಊರಿನವರ ತೋಳು ಹಿಡಿದು, ನೋವಾಗುವುದಿಲ್ಲ ಎಂದು ಧೈರ್ಯ ಹೇಳಿದವಳು ನಾನು. ಆ ಬೆಂಚಿನ ಮೇಲೆ ಒಮ್ಮೆಯೂ ಮಲಗಿದವಳಲ್ಲ. ನನ್ನ ಗುಂಪು ನನಗೆ ಗೊತ್ತೇ ಇತ್ತು. "ನಂದೂ ಓ" ಎಂದೆ.

ಗುರುವಾರ ನಸುಕಿನಲ್ಲಿ ಸ್ಟೋವ್ ಹಚ್ಚಿದೆ. ಮೊದಲು ಬಂದ ನೀರನ್ನು ಚೆಲ್ಲಿ, ಮುಂದಿನದನ್ನು ಗಾಜಿನ ಬುರುಡೆಗೆ ನೇರವಾಗಿ ಇಳಿಸಿದೆ. ಕೊನೆಯ ಹನಿ ಬಿದ್ದ ತಾಸಿನೊಳಗೆ ಎರಡು ಬಾಟಲಿ ಆವಿಯಲ್ಲಿದ್ದವು. ಕೊಳವೆಗಳನ್ನು ಹೊಸ ನೀರಿನಲ್ಲಿ ಏಳು ಸಲ ಜಾಲಿಸಿದೆ. ಭಟ್ಟರು ಒಂಬತ್ತಕ್ಕೆ ಬಂದರು. ಸೂಜಿ ಹೋಗುವಾಗ ಕಣ್ಣು ಬಿಗಿಯಾಗಿ ಮುಚ್ಚಿ ಏನೋ ಜಪಿಸುತ್ತಿದ್ದರು. ಮುಗಿದ ಮೇಲೆ ಬಾಟಲಿ ನೋಡಿ, "ಇಷ್ಟು ನನ್ನೊಳಗೆ ಇತ್ತಾ?" ಎಂದು ಮಗುವಿನಂತೆ ಕೇಳಿದರು. ಆಮೇಲೆ ನಾನು ಮಲಗಿದೆ. ಡಾಕ್ಟರೇ ಚುಚ್ಚಿದರು. ನೋವಾಗುತ್ತದೆ. ಅಂದಿನಿಂದ ನಾನು ಯಾರಿಗೂ ನೋವಾಗುವುದಿಲ್ಲ ಎಂದು ಹೇಳಿಲ್ಲ.

ಹನ್ನೆರಡು ಗಂಟೆಗೆ ಭಟ್ಟರ ಬಾಟಲಿಯನ್ನು ಕಂಬಕ್ಕೆ ಏರಿಸಿದರು. ಗೋಕಾಕದವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಅಕ್ಕಾರ, ಮೊನ್ನೆ ಆ ಬಾಣಂತಿ ನಡುಗಿದ್ದು ನಾ ನೋಡೇನ್ರಿ" ಎಂದಳು.

"ಆ ನೀರು ಬ್ಯಾರೆ. ಇದು ಬ್ಯಾರೆ" ಎಂದೆ. ನನ್ನ ದನಿ ನನಗೇ ಸಾಕಾಗಲಿಲ್ಲ.

ನಿಮಿಷಕ್ಕೆ ಮೂವತ್ತು ಹನಿಯಂತೆ ಬಿಡಲು ಡಾಕ್ಟರು ಹೇಳಿದರು. ಚಳಿ ಬಂದೀತೆಂದು ನರ್ಸು ಮೊದಲೇ ಮೂರು ಕಂಬಳಿ ಹೊದಿಸಿಬಿಟ್ಟಳು. ನಾನು ಸ್ಟೂಲಿನ ಮೇಲೆ ಕುಳಿತು ಅವಳ ನಾಡಿ ಹಿಡಿದೆ. ಗಂಡ ಗೋಡೆಗೆ ಆತು ನಿಂತಿದ್ದ. ಡಾಕ್ಟರು ಗಡಿಯಾರವನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದರು. ಹದಿನೈದು ನಿಮಿಷ, ಅರ್ಧ ತಾಸು. ಅವಳು ಕಣ್ಣು ಮುಚ್ಚಿದ್ದಳು. ನಲವತ್ತನೆಯ ನಿಮಿಷಕ್ಕೆ ಅವಳ ತುಟಿ ಒಂದಿಷ್ಟು ಅದುರಿತು. ಡಾಕ್ಟರ ಕೈ ಕೊಳವೆಯನ್ನು ಮುಚ್ಚುವ ಕೀಲಿಗೆ ಹೋಯಿತು.

ಅವಳು ಕಣ್ಣು ತೆರೆಯಲಿಲ್ಲ. ಐವತ್ತು ನಿಮಿಷ. ಒಂದು ತಾಸು. ನಾಡಿ ನನ್ನ ಬೆರಳ ಕೆಳಗೆ ಸಣ್ಣ ದಾರದಂತಿದ್ದದ್ದು ತುಸು ತುಂಬಿಕೊಂಡಂತೆ ಅನಿಸಿತು. ಭ್ರಮೆ ಇರಬಹುದೆಂದು ಮತ್ತೆ ಎಣಿಸಿದೆ. ಭ್ರಮೆಯಲ್ಲ. ಅವಳ ಕಿವಿಯ ಹಾಲೆಗೆ ಬಣ್ಣ ಬರುತ್ತಿತ್ತು. ಬೆಳಗಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಒಂದು ಜೀವದಲ್ಲಿ ಬೆಳಗಾದದ್ದನ್ನು ಆವತ್ತೇ ಮೊದಲು ನೋಡಿದ್ದು. ಉಗ್ರಾಣದಲ್ಲಿ ಅಡಗಿದ್ದ ಒಬ್ಬ ಅಪರಿಚಿತನ ರಕ್ತ ಈ ಹೆಣ್ಣಿನ ಕಿವಿಯವರೆಗೆ ಬಂದು ಮುಟ್ಟಿತ್ತು. ಅವನಿಗೆ ಅವಳ ಹೆಸರೂ ಗೊತ್ತಿಲ್ಲ. ದೇವರೇ, ಇದೆಂಥ ಸೋಜಿಗ ಎಂದು ಬಾಯಿಬಿಟ್ಟೇ ಅಂದೆ.

ಒಂದೂಕಾಲು ತಾಸಿಗೆ ಅವಳು ಕಣ್ಣು ತೆರೆದಳು. ಹಣೆಯ ಮೇಲೆ ಬೆವರಿನ ಹನಿ. ನಾನು ಸ್ಟೂಲಿನಿಂದ ಎದ್ದು ಅವಳ ಮೇಲೆ ಬಗ್ಗಿದೆ.

"ಏನಾಗಾಕತ್ತೈತಿ? ಹೇಳವಾ!" ಎಂದೆ.

ಅವಳು ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, ವಾರದಲ್ಲಿ ಮೊದಲ ಬಾರಿಗೆ ಸಿಟ್ಟು ಮಾಡಿದಳು.

"ಏನ್ ನೋಡ್ಕೋತ ನಿಂತೀರಿ? ಇಂಥಾ ಬ್ಯಾಸಗ್ಯಾಗ ಮೂರು ಕಂಬ್ಳಿ ಹೊಚ್ಚ್ಯಾರ. ಸೆಕಿ ಆಗಾಕತ್ತೈತಿ, ತಗೀರಿ!"